ಗಾಜಿನ ಪೆಟ್ಟಿಗೆಗೆ ಏಳು ಪರೀಕ್ಷೆ, ಹೊಲಕ್ಕೆ ಒಂದೂ ಇಲ್ಲ

ಆಸ್ಟಿನ್‌ನಲ್ಲಿದ್ದಾಗ ನನ್ನ ಮನೆಯಲ್ಲಿ ಜೀವಂತ ಹವಳ ಇತ್ತು ಅಂತ ಹೋದ ಅಂಕಣದಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ಉಳಿದದ್ದೆಲ್ಲ ಬಿಟ್ಟು ನಿಮ್ಮಲ್ಲಿ ಬಹಳ ಮಂದಿ ಆ ಸಾಲನ್ನೇ ಹಿಡಿದುಕೊಂಡಿರಿ. ಬೆಂಗಳೂರಿನ ಫ್ಲಾಟ್‌ನಲ್ಲಿ ಹವಳ ಸಾಕಬಹುದಾ ಅಂತ ಒಬ್ಬರು ಕೇಳಿದರು. ದೂರದ ಊರಲ್ಲಿರುವ ಇನ್ನೊಬ್ಬ ಕನ್ನಡದವರು ತಮ್ಮ ಟ್ಯಾಂಕಿನ ಫೋಟೊ ಕಳಿಸಿ, 'ಹವಳ ಬೆಳ್ಳಗಾಗ್ತಾ ಇದೆ, ಕಲ್ಲಿನ ಮೇಲೆಲ್ಲ ಪಾಚಿ. ಏನು ಹಾಕಲಿ?' ಅಂದರು.

ಇಬ್ಬರಿಗೂ ಉತ್ತರ ಕೊಡುತ್ತೇನೆ. ಆದರೆ ಎರಡನೆಯವರ ಪ್ರಶ್ನೆಯ ಕೊನೆಯ ಎರಡು ಪದ ಓದಿ ನನಗೆ ನಗು ಬಂತು, ಹೊಟ್ಟೆಯೂ ಚುರುಕ್ ಅಂತು. 'ಏನು ಹಾಕಲಿ?' 2021ರ ಅಕ್ಟೋಬರಿನಲ್ಲಿ ನಾನೂ ಅದನ್ನೇ ಕೇಳಿದ್ದೆ. ಅದೇ ವಾರ, ಇಲ್ಲಿ ದುಮ್ಮವಾಡದಲ್ಲಿ, ನಮ್ಮಪ್ಪ ಹತ್ತಿ ಹೊಲದ ಬದುವಿನ ಮೇಲೆ ನಿಂತು ಅಂಗಡಿಯವನಿಗೆ ಅದನ್ನೇ ಕೇಳಿದ್ದ.

ನೂರೈವತ್ತು ಲೀಟರಿನ ಸಮುದ್ರ

ಮೊದಲು ಸ್ವಲ್ಪ ಹಿನ್ನೆಲೆ. ಹವಳ ಗಿಡ ಅಲ್ಲ, ಕಲ್ಲೂ ಅಲ್ಲ. ಅದು ಪ್ರಾಣಿ. ಪಾಲಿಪ್ ಅನ್ನುವ ಸಣ್ಣ ಸಣ್ಣ ಜೀವಿಗಳು ಸಾವಿರಗಟ್ಟಲೆ ಒಂದಕ್ಕೊಂದು ಅಂಟಿಕೊಂಡು, ನೀರಿನಲ್ಲಿರುವ ಸುಣ್ಣದಂಶದಿಂದ ತಮ್ಮ ಕೆಳಗೆ ತಾವೇ ಮನೆ ಕಟ್ಟಿಕೊಳ್ಳುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸ ಮಾಡುತ್ತದೆ. ಆ ಪಾಚಿ ಬೆಳಕಿನಲ್ಲಿ ಅಡುಗೆ ಮಾಡಿ ಹವಳಕ್ಕೆ ಊಟ ಕೊಡುತ್ತದೆ, ಹವಳ ಅದಕ್ಕೆ ಇರಲು ಜಾಗ ಕೊಡುತ್ತದೆ. ಹವಳದ ಬಣ್ಣ ಬಹುಪಾಲು ಈ ಬಾಡಿಗೆದಾರನದ್ದೇ. ಅಂದರೆ ಒಳಗಿನ ಪಾಚಿ ಹೋದರೆ ಹವಳ ಉಪವಾಸ ಬೀಳುತ್ತದೆ, ಹೊರಗಿನ ಪಾಚಿ ಹೆಚ್ಚಾದರೆ ಹವಳ ಉಸಿರುಗಟ್ಟುತ್ತದೆ.

ಪ್ರಾಜೆಕ್ಟ್ ಮೇಲೆ ಮೂರು ವರ್ಷ ಆಸ್ಟಿನ್‌ನಲ್ಲಿದ್ದೆ. ಊರು ಬಿಟ್ಟು ಹೋಗುತ್ತಿದ್ದ ಸಹೋದ್ಯೋಗಿಯೊಬ್ಬ ತನ್ನ 40 ಗ್ಯಾಲನ್ ಟ್ಯಾಂಕನ್ನು ಅರ್ಧ ರೇಟಿಗೆ ಕೊಟ್ಟ. ನಮ್ಮ ಲೆಕ್ಕದಲ್ಲಿ ನೂರೈವತ್ತು ಲೀಟರು. ಹನ್ನೊಂದು ಹವಳ, ಎರಡು ಕ್ಲೌನ್ ಮೀನು, ಒಂದಿಷ್ಟು ಬಸವನಹುಳು. ಲಾಕ್‌ಡೌನ್ ದಿನಗಳಲ್ಲಿ ಮಾತಾಡಲು ಮನುಷ್ಯರಿಲ್ಲದಾಗ ನಾನು ಅದರ ಮುಂದೆಯೇ ಕೂತು ಊಟ ಮಾಡುತ್ತಿದ್ದೆ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ಗೆ ಹಿಮ ಬಿದ್ದು ಕರೆಂಟ್ ಹೋದಾಗ, ಬ್ಯಾಟರಿ ಪಂಪ್ ಹಚ್ಚಿ, ಟ್ಯಾಂಕಿಗೆ ನನ್ನ ಹೊದಿಕೆ ಹೊದಿಸಿ ಉಳಿಸಿಕೊಂಡಿದ್ದೆ. ಲೋಡ್‌ ಶೆಡ್ಡಿಂಗ್ ಊರಿನಿಂದ ಬಂದವನಿಗೆ ಅಷ್ಟೂ ಗೊತ್ತಿರದಿದ್ದರೆ ಹೇಗೆ?

ವಾರಕ್ಕೊಮ್ಮೆ ಆ ನೀರಿಗೆ ಏಳು ಪರೀಕ್ಷೆ ಮಾಡುತ್ತಿದ್ದೆ. ಉಪ್ಪಿನಂಶ, ಪಿಎಚ್, ಅಲ್ಕಲಿನಿಟಿ, ಕ್ಯಾಲ್ಸಿಯಂ, ಮೆಗ್ನೀಷಿಯಂ, ನೈಟ್ರೇಟ್, ಫಾಸ್ಫೇಟ್. ಎಲ್ಲ ಎಕ್ಸೆಲ್ ಶೀಟಿನಲ್ಲಿ. ಕಿಟ್ಟು, ಉಪ್ಪು, ಸುಣ್ಣದ ದ್ರಾವಣ ಸೇರಿ ತಿಂಗಳಿಗೆ 60 ಡಾಲರ್ ಖರ್ಚು, ಆಗಿನ ಲೆಕ್ಕದಲ್ಲಿ ನಾಲ್ಕೂವರೆ ಸಾವಿರ ರೂಪಾಯಿ.

ಒಂದೇ ವಾರದಲ್ಲಿ ನಾಲ್ಕು ಬದಲಾವಣೆ

ಸೆಪ್ಟೆಂಬರಿನಲ್ಲಿ ಕಲ್ಲುಗಳ ಮೇಲೆ ಹಸಿರು ಕೂದಲಿನಂಥ ಪಾಚಿ ಬಂತು. ನಮ್ಮ ಕಡೆ ಹಾವಸಿ ಅಂತೀವಲ್ಲ, ಅದರ ಉಪ್ಪುನೀರಿನ ತಮ್ಮ. ಮೊದಲು ಬೆರಳುದ್ದ. ಎರಡು ವಾರದಲ್ಲಿ ಗೇಣುದ್ದ. ಪರೀಕ್ಷೆ ಮಾಡಿದರೆ ಫಾಸ್ಫೇಟ್ ಹೆಚ್ಚೇನೂ ಇಲ್ಲ. ನನಗೆ ತಲೆ ಕೆಟ್ಟಿತು.

ಆಫೀಸಿನಲ್ಲಿ ಹೊಸ ಹುಡುಗರಿಗೆ ದಿನಾ ಹೇಳುವ ಪಾಠ ಒಂದೇ: ಬಗ್ ಹುಡುಕುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮನೆಗೆ ಬಂದವನೇ ನಾನು ಮಾಡಿದ್ದು ಇದು: ಫಾಸ್ಫೇಟ್ ಹೀರುವ ಕಬ್ಬಿಣದ ಹರಳನ್ನು ಡಬಲ್ ಡೋಸ್ ಹಾಕಿದೆ. ಮೀನಿನ ಊಟ ಅರ್ಧ ಮಾಡಿದೆ. ಲೈಟಿನ ಸಮಯ ಇಳಿಸಿದೆ. ಉಪ್ಪಿನ ಬ್ರ್ಯಾಂಡೂ ಬದಲಿಸಿದೆ. ಎಲ್ಲವೂ ಒಂದೇ ವಾರದಲ್ಲಿ.

ಹತ್ತು ದಿನ ಕಳೆಯಿತು. ಫಾಸ್ಫೇಟ್ ಸೊನ್ನೆ ತೋರಿಸಿತು, ನೈಟ್ರೇಟೂ ಸೊನ್ನೆ. ಪಾಚಿ ಇದ್ದಲ್ಲೇ ಇತ್ತು. ಹವಳಗಳ ಬಣ್ಣ ಮಾತ್ರ ಇಳಿಯಿತು. ಕವಲೊಡೆಯುವ ಜಾತಿಯವುಗಳ ತುದಿ ಸುಟ್ಟಂತೆ ಬೆಳ್ಳಗಾದವು.

'ಅವು ಗಿಡಾನ?'

ಅಲ್ಲಿ ರಾತ್ರಿ ಒಂಬತ್ತಾದರೆ ಇಲ್ಲಿ ಬೆಳಿಗ್ಗೆ ಏಳೂವರೆ. ಅಪ್ಪ ಹೊಲಕ್ಕೆ ಹೊರಡುವ ಮೊದಲು ಚಾ ಕುಡಿಯುವ ಹೊತ್ತು. ದಿನಾ ಆ ಹೊತ್ತಿಗೇ ವಿಡಿಯೊ ಕಾಲ್.

'ಯಾಕೋ ತಮ್ಮಾ, ಮಾರಿ ಸಣ್ಣದಾಗೇತಿ?'

'ಹವಳ ಬೆಳ್ಳಗಾಗಾಕತ್ತಾವ ಅಪ್ಪಾ.'

'ಅವು ಗಿಡಾನ?'

'ಅಲ್ಲ, ಪ್ರಾಣಿ.'

'ನಿನ್ನ ಪ್ರಾಣಿ ಬೆಳ್ಳಗಾಗಾಕತ್ತಾವ, ನನ್ನ ಹತ್ತಿ ಕೆಂಪಗಾಗಾಕತ್ತೈತಿ. ಇಬ್ಬರದೂ ನಸೀಬ ಒಂದ ಐತಿ ಬಿಡು.' ಅಪ್ಪ ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ: 'ಅಂಗಡ್ಯಾವ ನಾಕ ಬಾಟ್ಲಿ ಕೊಟ್ಟ. ನಾಕೂ ಕೂಡಿಸಿ ಹೊಡಿ ಅಂದ. ಹೊಡದೆ. ಕೆಂಪು ಹೋಗಲಿಲ್ಲ, ರೊಕ್ಕ ಹೋತು. ಈಗ ಯಾವ ಬಾಟ್ಲಿ ಚಲೋದು ಮಾಡ್ತು, ಯಾವುದು ಕೆಡಸ್ತು, ಹೆಂಗ ಗೊತ್ತಾಗಬೇಕು?'

ನಾನು ಸುಮ್ಮನಾದೆ. ನಾನೂ ನಾಲ್ಕು ಬಾಟ್ಲಿ ಕೂಡಿಸಿ ಹೊಡೆದವನೇ. ಅಪ್ಪನಿಗೆ ಅಂಗಡಿಯವನು ಹೇಳಿದ್ದ ಅನ್ನುವ ನೆಪವಾದರೂ ಇತ್ತು. ನನಗೆ ಅದೂ ಇರಲಿಲ್ಲ.

ಫೋನ್ ಇಡುವ ಮೊದಲು ಅಪ್ಪ ಒಂದು ಮಾತು ಕೇಳಿದ: 'ಅದಕ್ಕ ನೀರ ಎಲ್ಲಿಂದ ತರ್ತಿ?'

'ನಲ್ಲಿ ನೀರ ಫಿಲ್ಟರ್ ಮಾಡಿ ಹಾಕ್ತೀನಿ.'

'ದಿನಾ ಹಾಕ್ತಿ?'

'ಹ್ಞೂಂ. ದಿನಾ ಎರಡ್ಮೂರು ಲೀಟರು ಆವಿಯಾಗಿ ಹೋಗ್ತೈತಿ.'

'ನೀರ ಹೋಗ್ತೈತಿ, ನೀರಾಗ ಇದ್ದದ್ದು ಹೋಗೂದಿಲ್ಲ. ಬೋರಿನ ನೀರ ಹಾಸಿ ಹಾಸಿ ಹೊಲ ಸವಳಾಗೂದು ನೋಡಿಲ್ಲೇನು? ಮೊದಲ ನೀರ ನೋಡು.'

ಮೊದಲು ನೋಡಿ, ಆಮೇಲೆ ಹಾಕಿ

ಆ ರಾತ್ರಿ ಏನನ್ನೂ ಹಾಕಲಿಲ್ಲ. ಟ್ಯಾಂಕಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು ನೋಡಿದೆ. ನೋಡುವುದು ಹೇಗೆ ಅನ್ನುವುದನ್ನು ಫೋಟೊ ಕಳಿಸಿದವರಿಗಾಗಿ ವಿವರವಾಗಿ ಬರೆಯುತ್ತೇನೆ.

ಬಿಳುಪು ಎರಡು ಥರ. ಬಿಳಿಯಾದ ಜಾಗವನ್ನು ಟಾರ್ಚ್ ಹಿಡಿದು ಹತ್ತಿರದಿಂದ ನೋಡಿ. ತೆಳುವಾದ ಗಾಜಿನಂಥ ಮಾಂಸ ಇನ್ನೂ ಇದೆಯಾ, ಪಾಲಿಪ್ ಬಾಯಿ ಕಾಣುತ್ತದಾ? ಹಾಗಿದ್ದರೆ ಅದು ಬ್ಲೀಚಿಂಗ್. ಒಳಗಿನ ಪಾಚಿ ಹೋಗಿದೆ, ಹವಳ ಬದುಕಿದೆ, ಉಳಿಯುವ ಅವಕಾಶ ಇದೆ. ಹೆಚ್ಚಾಗಿ ಕಾರಣ ಬಿಸಿ, ಇಲ್ಲಾ ಒಮ್ಮೆಲೇ ಏರಿಸಿದ ಬೆಳಕು. ಮಾಂಸವೇ ಇಲ್ಲದೆ ಬರೀ ಎಲುಬಿನಂಥ ಸುಣ್ಣ ಕಂಡರೆ ಆ ಭಾಗ ಸತ್ತಿದೆ. ಕೆಲವೇ ದಿನದಲ್ಲಿ ಅದರ ಮೇಲೆ ಹಸಿರು ಪಾಚಿ ಕೂರುತ್ತದೆ. ಪಾಚಿ ಹವಳವನ್ನು ಕೊಂದಿತು ಅಂತ ಆಗ ನಾವು ತಪ್ಪು ತಿಳಿಯುತ್ತೇವೆ. ಅದು ಬರೀ ಖಾಲಿ ಮನೆಗೆ ಬಂದು ಸೇರಿಕೊಂಡದ್ದು.

ಎಲ್ಲಿಂದ ಶುರುವಾಯಿತು ನೋಡಿ. ತುದಿ ಸುಟ್ಟಂತಿದ್ದರೆ ಮೊದಲ ಅನುಮಾನ ಅಲ್ಕಲಿನಿಟಿ ಮೇಲೆ. ಒಮ್ಮೆಲೇ ಏರಿದೆಯಾ ಅಂತ ಪರೀಕ್ಷಿಸಿ. ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಸೊನ್ನೆಯಾಗಿದ್ದಾಗ ಈ ಏರಿಕೆ ಇನ್ನೂ ಜೋರಾಗಿ ಸುಡುತ್ತದೆ. ಬುಡದಿಂದ ಮೇಲಕ್ಕೆ ಮಾಂಸ ಕಳಚುತ್ತಿದ್ದರೆ ನೀರಿನ ಗುಣದ ಏರುಪೇರು, ನೀರಿನ ಓಟ, ನೆರಳು ನೋಡಿ. ಒಂದೇ ಕಡೆ ಕಚ್ಚಿದ ಗುರುತಿದ್ದರೆ ಹುಳು ಅಥವಾ ಮೀನು. ರಾತ್ರಿ ಲೈಟ್ ಆರಿದ ಮೇಲೆ ಟಾರ್ಚ್ ಹಿಡಿದರೆ ಕಳ್ಳ ಸಿಗುತ್ತಾನೆ. ಎಲ್ಲ ಹವಳಗಳೂ ಒಟ್ಟಿಗೆ ಮುದುಡಿದ್ದರೆ ಅದು ಒಬ್ಬೊಬ್ಬರ ಜಡ್ಡಲ್ಲ, ನೀರಿನದ್ದೇ ತಕರಾರು: ಉಪ್ಪು, ಬಿಸಿ, ಇಲ್ಲಾ ಯಾವುದೋ ವಿಷ. ಪಂಪಿನ ಮ್ಯಾಗ್ನೆಟ್ ತುಕ್ಕು ಹಿಡಿದಿರಬಹುದು, ಕೋಣೆಯಲ್ಲಿ ಸೊಳ್ಳೆ ಸ್ಪ್ರೇ ಹೊಡೆದಿರಬಹುದು.

ಪಾಚಿಗೂ ಮುಖ ಇದೆ. ಗುರುತು ಹಿಡಿಯದೆ ಔಷಧ ಹಾಕಬೇಡಿ.

ಗಾಜಿನ ಮೇಲೆ ಬೂದಿ ಎರಚಿದಂಥ ಕಂದು ಪುಡಿ, ಕೈಯಿಂದ ಒರೆಸಿದರೆ ಹೋಗುತ್ತದೆ: ಡಯಾಟಮ್. ಹೊಸ ಟ್ಯಾಂಕಿನಲ್ಲಿ ಇದು ಬಾಲಗ್ರಹ ಇದ್ದಂತೆ, ತಾನೇ ಬಂದು ತಾನೇ ಹೋಗುತ್ತದೆ. ಹಳೆ ಟ್ಯಾಂಕಿಗೆ ಬಂದರೆ ನೀರಿನಲ್ಲಿ ಸಿಲಿಕೇಟ್ ಬರುತ್ತಿದೆ ಅಂತ ಅನುಮಾನಿಸಿ.

ಕೆಂಪು-ನೇರಳೆ ಲೋಳೆ, ಚಾಪೆಯಂತೆ ಸುತ್ತಿ ಎತ್ತಬಹುದು: ಇದು ಸಯನೋಬ್ಯಾಕ್ಟೀರಿಯಾ, ಅಸಲಿಗೆ ಪಾಚಿಯೇ ಅಲ್ಲ. ನೀರಿನ ಓಟ ಕಡಿಮೆ ಇರುವ, ಕಸ ಕೂರುವ ಮೂಲೆಗಳಲ್ಲಿ ಹೆಚ್ಚು.

ಕಂದು ಲೋಳೆ, ಸಿಂಬಳದ ಎಳೆಯಂತೆ, ತುದಿಯಲ್ಲಿ ಗಾಳಿಗುಳ್ಳೆ, ರಾತ್ರಿ ಕಡಿಮೆಯಾಗಿ ಮಧ್ಯಾಹ್ನ ಮತ್ತೆ ಹಾಜರು: ಡೈನೋಫ್ಲಾಜೆಲೇಟ್. ನೈಟ್ರೇಟ್, ಫಾಸ್ಫೇಟ್ ಸೊನ್ನೆಗೆ ಬಿದ್ದಾಗ ಇದಕ್ಕೆ ಹಬ್ಬ. ಇಲ್ಲಿ ನೀರನ್ನು ಇನ್ನಷ್ಟು ಸ್ವಚ್ಛ ಮಾಡಲು ಹೋದರೆ ಉರಿಯುವ ಬೆಂಕಿಗೆ ತುಪ್ಪ.

ಹಸಿರು ಕೂದಲು: ಆಹಾರ ಹೆಚ್ಚಾಗಿದೆ. ಇಲ್ಲಿ ಒಂದು ಮೋಸ ಇದೆ. ಪಾಚಿ ಬೆಳೆಯುತ್ತಾ ಫಾಸ್ಫೇಟನ್ನು ತಾನೇ ತಿಂದುಬಿಡುತ್ತದೆ. ನಿಮ್ಮ ಕಿಟ್ ತೋರಿಸುವುದು ತಿಂದು ಮಿಕ್ಕಿದ್ದನ್ನು ಮಾತ್ರ. ಗಂಗಾಳ ಖಾಲಿ ಇದ್ದ ಮಾತ್ರಕ್ಕೆ ಮನೆಯಲ್ಲಿ ಅಡುಗೆ ಆಗಿಲ್ಲ ಅಂತ ಅರ್ಥ ಅಲ್ಲವಲ್ಲ.

ಕಲ್ಲಿನ ಮೇಲೆ ಗುಲಾಬಿ ಸುಣ್ಣ ಬಳಿದಂತಿದ್ದರೆ ಅದು ಕೊರಲೈನ್ ಪಾಚಿ. ಅದು ಇದ್ದರೆ ಖುಷಿಪಡಿ, ಕೆರೆಯಬೇಡಿ.

ಇನ್ನು ನೀರಿನ ಅಂಕಿಗಳು. ಬಿಸಿ 25ರಿಂದ 26 ಡಿಗ್ರಿ. ಉಪ್ಪು ಸಾವಿರಕ್ಕೆ 35 ಪಾಲು. ಅಲ್ಕಲಿನಿಟಿ 8ರಿಂದ 9 ಡಿಕೆಎಚ್. ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಮೆಗ್ನೀಷಿಯಂ 1,250ರಿಂದ 1,350. ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1. ಈ ಅಂಕಿ ಮುಟ್ಟುವುದಕ್ಕಿಂತ ಇದ್ದ ಅಂಕಿಯನ್ನು ಅಲುಗಾಡದಂತೆ ಇಡುವುದು ಮುಖ್ಯ. ಉಪ್ಪು ಅಳೆಯುವ ರಿಫ್ರ್ಯಾಕ್ಟೊಮೀಟರನ್ನು ಬರೀ ಶುದ್ಧ ನೀರಿನಿಂದ ಸೊನ್ನೆಗೆ ಹೊಂದಿಸಿ ಬಿಡಬೇಡಿ, 35ರ ದ್ರಾವಣದಲ್ಲಿ ತಾಳೆ ನೋಡಿ. ತಕ್ಕಡಿಯೇ ಸುಳ್ಳು ಹೇಳಿದರೆ ಮುಂದಿನ ಲೆಕ್ಕವೆಲ್ಲ ಸುಳ್ಳು.

ಒಂದು ಎಚ್ಚರಿಕೆ, ತಮಾಷೆಯಲ್ಲ. ಗುಂಡಿಯಂಥ ಪಾಲಿಪ್‌ಗಳಿರುವ ಜೋಅಂಥಿಡ್, ಪಾಲಿಥೋವಾ ಜಾತಿಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಅನ್ನುವ ಬಲವಾದ ವಿಷ ಇರುತ್ತದೆ. ಅವು ಇರುವ ಕಲ್ಲನ್ನು ಕುದಿಸಬೇಡಿ, ಬಿಸಿನೀರು ಸುರಿಯಬೇಡಿ, ಬರಿಗೈಯಲ್ಲಿ ಉಜ್ಜಬೇಡಿ. ಹಬೆಯಿಂದಲೇ ಆಸ್ಪತ್ರೆ ಸೇರಿದವರಿದ್ದಾರೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಕಳ್ಳ ಸಿಕ್ಕ

ಎಕ್ಸೆಲ್ ಶೀಟು ಬಿಟ್ಟು ಫೋನಿನ ಗ್ಯಾಲರಿ ತೆಗೆದೆ. ಸೆಪ್ಟೆಂಬರಿನಿಂದ ಹಿಂದಕ್ಕೆ ಒಂದೊಂದೇ ಫೋಟೊ. ಆಗಸ್ಟ್ ಮೊದಲ ವಾರದ ಫೋಟೊದಲ್ಲಿ ಗಾಜಿನ ಮೇಲೆ ಕಂದು ಪುಡಿ. ಒರೆಸಿದ ಎರಡೇ ದಿನಕ್ಕೆ ಮತ್ತೆ ಬರುತ್ತಿದ್ದದ್ದು ನೆನಪಾಯಿತು. ಎರಡು ವರ್ಷ ಹಳೆಯ ಟ್ಯಾಂಕಿಗೆ ಡಯಾಟಮ್ ಯಾಕೆ ಬರಬೇಕು?

ಎದ್ದು ಹೋಗಿ ಫಿಲ್ಟರಿನಿಂದ ಬರುವ ನೀರಿಗೆ ಟಿಡಿಎಸ್ ಮೀಟರ್ ಇಟ್ಟೆ. ಸೊನ್ನೆ ಇರಬೇಕಿತ್ತು. 38 ಇತ್ತು.

ಆರ್‌ಒ ಆದ ಮೇಲೆ ನೀರು ಒಂದು ಡಿಐ ರೆಸಿನ್ ಡಬ್ಬಿಯ ಮೂಲಕ ಹಾಯುತ್ತದೆ. ಆರ್‌ಒ ಬಿಟ್ಟ ಚೂರುಪಾರು ಲವಣ ಹಿಡಿಯುವುದು ಅದರ ಕೆಲಸ. ಮುಗಿದಾಗ ಬಣ್ಣ ಬದಲಿಸುವ ರೆಸಿನ್ ಅದು. ಪೂರ್ತಿ ಬದಲಿಸಿಕೊಂಡು ತಿಂಗಳುಗಳೇ ಆಗಿರಬೇಕು. ಸಿಂಕಿನ ಕೆಳಗೆ ಕತ್ತಲಲ್ಲಿ ಇದ್ದದ್ದರಿಂದ ನಾನು ನೋಡಿರಲೇ ಇಲ್ಲ. ಟ್ಯಾಂಕಿನೊಳಗಿನ ನೀರಿಗೆ ವಾರಕ್ಕೆ ಏಳು ಪರೀಕ್ಷೆ, ಒಳಗೆ ಹೋಗುವ ನೀರಿಗೆ ಒಂದೂ ಇಲ್ಲ. ದಿನಕ್ಕೆ ಎರಡು ಮೂರು ಲೀಟರು. ನೀರು ಆವಿಯಾಗುತ್ತಿತ್ತು, ಜೊತೆಗೆ ಬಂದದ್ದು ಉಳಿಯುತ್ತಿತ್ತು. ಅಪ್ಪ ಹೇಳಿದ ಸವಳು ಇದೇ.

ಪಾಚಿಗೆ ಕಾರಣ ಇದು. ಹವಳ ಸಾಯುತ್ತಿದ್ದದ್ದಕ್ಕೆ ಮಾತ್ರ ಕಾರಣ ನಾನು. ಡಬಲ್ ಡೋಸ್ ಹಾಕಿ, ಊಟ ಕಡಿಮೆ ಮಾಡಿ ಹವಳಗಳನ್ನು ಉಪವಾಸ ಕೆಡವಿದೆ. ಉಪವಾಸ ಬಿದ್ದವು ಬೆಳೆಯುವುದನ್ನು ನಿಲ್ಲಿಸಿದವು. ಬೆಳೆಯದಿದ್ದರೆ ಸುಣ್ಣ ಬೇಡ, ಆದರೆ ಡೋಸಿಂಗ್ ಪಂಪು ಹಳೆ ಲೆಕ್ಕದಲ್ಲೇ ಸುರಿಯುತ್ತಿತ್ತು. ಅಲ್ಕಲಿನಿಟಿ ಎರಡು ವಾರದಲ್ಲಿ 8ರಿಂದ 11ಕ್ಕೆ ಏರಿತ್ತು. ತುದಿ ಸುಟ್ಟದ್ದು ಅದಕ್ಕೇ.

ರೆಸಿನ್ ಬದಲಿಸಿದೆ. ಆಮೇಲೆ ನಾಲ್ಕು ದಿನ ಬಿಟ್ಟು ಹರಳಿನ ಚೀಲ ತೆಗೆದೆ. ಮತ್ತೆ ನಾಲ್ಕು ದಿನ ಬಿಟ್ಟು ಡೋಸ್ ಇಳಿಸಿದೆ. ಮೀನಿಗೆ ಹೊಟ್ಟೆ ತುಂಬ ಹಾಕಿದೆ. ಪಾಚಿಯನ್ನು ಕೈಯಿಂದ ಕಿತ್ತೆ, ಹಳೆ ಟೂತ್‌ಬ್ರಷ್‌ನಿಂದ ಉಜ್ಜಿದೆ, ಬಸವನಹುಳು ಇನ್ನೊಂದಿಷ್ಟು ತಂದು ಬಿಟ್ಟೆ. ವಾರಕ್ಕೊಮ್ಮೆ ಶೇಕಡ 15ರಷ್ಟು ನೀರು ಬದಲು. ಹೊಸದಾಗಿ ಏನನ್ನೂ 'ಹಾಕಲಿಲ್ಲ'. ಪಾಚಿ ಹೋಗಲು ಮೂರು ತಿಂಗಳು ಹಿಡಿಯಿತು. ಹನ್ನೊಂದರಲ್ಲಿ ಏಳು ಹವಳ ಉಳಿದವು. ನಾಲ್ಕು ನನ್ನ ಅವಸರಕ್ಕೆ ಹೋದವು.

ಬೆಂಗಳೂರಿನ ಫ್ಲಾಟಿಗೆ ಉತ್ತರ: ಬೇಡ

2022ರಲ್ಲಿ ವಾಪಸ್ ಬರುವಾಗ ಆ ಏಳನ್ನೂ ಅಲ್ಲಿನ ಒಬ್ಬ ಗೆಳೆಯನಿಗೆ ಕೊಟ್ಟು ಬಂದೆ. ತರುವ ಪ್ರಶ್ನೆಯೇ ಇರಲಿಲ್ಲ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. ಬಂಡೆ ಕಟ್ಟುವ ಹವಳಗಳೆಲ್ಲ 2001ರಿಂದ ಅದರ ಮೊದಲನೇ ಅನುಸೂಚಿಯಲ್ಲಿವೆ. ಅಂದರೆ ಹುಲಿ, ಆನೆ ಇರುವ ಪಟ್ಟಿಯಲ್ಲಿ. ಸಮುದ್ರ ಬೀಸಣಿಗೆ ಅನ್ನುವ ಗೊರ್ಗೋನಿಯನ್, ಕಪ್ಪು ಹವಳ, ಬೆಂಕಿ ಹವಳ ಕೂಡ ಅಲ್ಲೇ ಇವೆ. ತಪ್ಪು ಸಾಬೀತಾದರೆ ಮೂರರಿಂದ ಏಳು ವರ್ಷ ಜೈಲು. 'ಸತ್ತ ಹವಳ ತಾನೇ, ಶೋಗೆ ಇಡ್ತೀನಿ' ಅನ್ನುವುದೂ ನಡೆಯುವುದಿಲ್ಲ. ಯಾರಾದರೂ ಮಾರುತ್ತೇನೆ ಅಂದರೆ ಕೊಳ್ಳಬೇಡಿ. ಸಾಕುವ ಆಸೆ ಇದ್ದರೆ ಸಿಹಿನೀರಿನ ಗಿಡದ ಟ್ಯಾಂಕ್ ಇಡಿ. ಪಾಚಿಯ ಪಾಠವೆಲ್ಲ ಅಲ್ಲಿಯೂ ಅದೇ.

ನೋಡುವ ಆಸೆ ಇದ್ದರೆ ಮುರ್ಡೇಶ್ವರಕ್ಕೆ ಹೋಗಿ. ಅಲ್ಲಿಂದ ಸುಮಾರು 19 ಕಿ.ಮೀ. ಸಮುದ್ರದಲ್ಲಿ ನೇತ್ರಾಣಿ ದ್ವೀಪ ಇದೆ. 2023ರ ಡಿಸೆಂಬರಿನಲ್ಲಿ ಹೋಗಿದ್ದೆ. ದೋಣಿಯಲ್ಲಿ ಒಂದೂವರೆ ತಾಸು, ಅರ್ಧ ದಾರಿಯಲ್ಲೇ ಬೆಳಗಿನ ಉಪ್ಪಿಟ್ಟು ಹೊರಗೆ. ಆದರೆ ನೀರಿಗೆ ಇಳಿದ ಮೇಲೆ ಬಂಡೆಗಳ ಮೇಲೆ ಹವಳ, ಅದರ ಸುತ್ತ ಮೀನಿನ ಹಿಂಡು ಕಂಡಾಗ, ನಾನು ಎರಡು ವರ್ಷ ಗಾಜಿನೊಳಗೆ ಕಟ್ಟಲು ಒದ್ದಾಡಿದ್ದು ಇದರ ಒಂದು ಚೂರು ಅನಿಸಿತು. ಒಂದು ಕಡೆ ಬಿಳಿ ಚುಕ್ಕೆ ಕಂಡು ಕೈ ಮುಂದಾಯಿತು. ಮುಟ್ಟಬೇಡಿ ಅಂತ ಜೊತೆಗಿದ್ದ ಡೈವರ್ ಸನ್ನೆ ಮಾಡಿದ.

ಅಲ್ಲಿ ರೆಸಿನ್ ಬದಲಿಸಲು ಆಗುವುದಿಲ್ಲ. ಬೇಸಿಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚು ಬಿಸಿ ನಾಲ್ಕು ವಾರ ನಿಂತರೆ ಸಾಕು, ಹವಳ ಬಿಳಿಚಲು ಶುರು. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗೆ ಆಯಿತು, 2024ರಲ್ಲಿ ಮತ್ತೆ ಆಯಿತು. ಅದೇ ವರ್ಷ ಏಪ್ರಿಲಿನಲ್ಲಿ, ಇಡೀ ಜಗತ್ತಿನ ಹವಳಗಳಿಗೆ ನಾಲ್ಕನೇ ಸಲ ಒಟ್ಟಿಗೆ ಬ್ಲೀಚಿಂಗ್ ಬಂದಿದೆ ಅಂತ ವಿಜ್ಞಾನಿಗಳು ಘೋಷಿಸಿದರು.

ಸಮುದ್ರ ದೂರ ಅನ್ನಬೇಡಿ. ನಮ್ಮ ಊರ ಹತ್ತಿರದ ನೀರಸಾಗರ, ಹುಬ್ಬಳ್ಳಿಗೆ ಕುಡಿಯುವ ನೀರು ಕೊಟ್ಟ ಕೆರೆ. ಅದು ತುಂಬಿ ಹರಿದ ನೀರು ಬೇಡ್ತಿ ಹಿಡಿದು, ಯಲ್ಲಾಪುರದ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅನ್ನುವ ಹೆಸರು ಹೊತ್ತು ಅಂಕೋಲಾದ ಹತ್ತಿರ ಸಮುದ್ರ ಸೇರುತ್ತದೆ. ನಮ್ಮ ಹೊಲದ ಮೇಲೆ ಬಿದ್ದ ಮಳೆಯೂ ಅದೇ ದಾರಿ ಹಿಡಿಯುವುದು, ಬೆಳೆ ತಿನ್ನದೆ ಬಿಟ್ಟ ಗೊಬ್ಬರವನ್ನು ಜೊತೆಗೆ ಕಟ್ಟಿಕೊಂಡು.

ಪಡಸಾಲೆಯ ಲೆಕ್ಕ

ಊರಿಗೆ ಬಂದ ಮೇಲೆ ಒಂದು ಸಂಜೆ ಪಡಸಾಲೆಯಲ್ಲಿ ಕೂತು ಅಪ್ಪನನ್ನು ಕೇಳಿದೆ: 'ಅಪ್ಪಾ, ನಮ್ಮ ಹೊಲದ ಮಣ್ಣ ಎಂದರ ಪರೀಕ್ಷಾ ಮಾಡಿಸೀಯೇನು?'

'ಇಲ್ಲ.'

'ಒಮ್ಮೆನೂ?'

'ನಿಮ್ಮಜ್ಜನ ಕಾಲದಿಂದ ಯಾರೂ ಮಾಡಿಸಿಲ್ಲ. ಮಣ್ಣ ನಮಗ ಗೊತ್ತಿರ್ತೈತಲ್ಲ.'

ಅಪ್ಪನಿಗೆ ಮಣ್ಣು ಗೊತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ 2021ರಲ್ಲಿ ಎಕರೆಗೆ ಆರು ಕ್ವಿಂಟಲ್ ಬರಬೇಕಾದ ಹತ್ತಿ ನಾಲ್ಕಕ್ಕೆ ನಿಂತಿತ್ತು. ಸೊಸೈಟಿ ಸಾಲದ ಬಡ್ಡಿಯಷ್ಟೇ ಕಟ್ಟಲಾಗಿತ್ತು. ಅದನ್ನು ಅಪ್ಪ ನನಗೆ ಫೋನಿನಲ್ಲಿ ಹೇಳಿರಲಿಲ್ಲ, ಅವ್ವ ಆಮೇಲೆ ಹೇಳಿದಳು. ಅದೇ ವರ್ಷ ನಾನು ನೂರೈವತ್ತು ಲೀಟರ್ ನೀರಿಗೆ ಐವತ್ತು ಸಾವಿರ ಸುರಿದಿದ್ದೆ. ನಾಲ್ಕು ಎಕರೆಗೆ ಒಂದು ಪರೀಕ್ಷೆ ಆಗಿರಲಿಲ್ಲ. ಮಾಡಿಸು ಅಂತ ಹೇಳುವ ತಿಳುವಳಿಕೆ ಇದ್ದ ಮಗ ಹವಳದ ಎಕ್ಸೆಲ್ ಶೀಟು ತುಂಬುತ್ತಿದ್ದ.

ಮೇ ತಿಂಗಳಲ್ಲಿ ಇಬ್ಬರೂ ಮಣ್ಣು ತೆಗೆದೆವು. ವಿಧಾನ ಸುಲಭ. ಎಕರೆಗೆ ಎಂಟು ಹತ್ತು ಕಡೆ, ಅಂಕುಡೊಂಕಾಗಿ ನಡೆಯುತ್ತಾ, ಅರ್ಧ ಅಡಿ ಆಳದ ಇಳಿಜಾರು ಗುಂಡಿ ತೆಗೆದು ಅದರ ಒಂದು ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಪದರ ಕೆರೆದುಕೊಳ್ಳಿ. ಬದು, ಗಿಡದ ನೆರಳು, ತಿಪ್ಪೆ ಇದ್ದ ಜಾಗ ಬಿಡಿ. ಎಲ್ಲ ಕೂಡಿಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಿ. ಅರ್ಧ ಕೆಜಿ ಉಳಿಯುವ ತನಕ ಹೀಗೇ ಮಾಡಿ. ನೆರಳಿನಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ ತುಂಬಿ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ಮುಂದಿನ ದಾರಿ ಹೇಳುತ್ತಾರೆ.

2015ರಿಂದ ಇರುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶ ಬರುತ್ತವೆ. ನಮ್ಮದರಲ್ಲಿ ರಂಜಕ 'ಹೆಚ್ಚು', ಸತು 'ಕಡಿಮೆ', ಸಾವಯವ ಇಂಗಾಲವೂ ಕಡಿಮೆ. ರಂಜಕ ಅಂದರೆ ಅದೇ ಫಾಸ್ಫೇಟ್. ಹತ್ತಾರು ವರ್ಷ ತಪ್ಪದೆ ಹಾಕಿದ ಡಿಎಪಿ ನೆಲದಲ್ಲಿ ಕೂತಿತ್ತು. ರಂಜಕ ಹೆಚ್ಚಾದರೆ ಬೆಳೆಗೆ ಸತು ಸಿಗುವುದು ಇನ್ನೂ ಕಷ್ಟ. ಮೆಕ್ಕೆಜೋಳದ ಎಳೆ ಎಲೆಗಳಲ್ಲಿ ಬಿಳಿ ಪಟ್ಟೆ ಯಾಕೆ ಬರುತ್ತಿತ್ತು ಅಂತ ಆಗ ಗೊತ್ತಾಯಿತು. ಡಿಎಪಿ ಎರಡು ಚೀಲ ಕಡಿಮೆಯಾಯಿತು, ಚೀಲಕ್ಕೆ 1,350 ರೂಪಾಯಿ. ಎಕರೆಗೆ 10 ಕೆಜಿ ಜಿಂಕ್ ಸಲ್ಫೇಟ್ ಬಂತು. ಅದನ್ನು ಡಿಎಪಿ ಜೊತೆ ಬೆರೆಸದೆ ಬೇರೆಯಾಗಿ ಹಾಕಬೇಕು.

ಹತ್ತಿ ಕೆಂಪಾಗುವುದಕ್ಕೆ ಮಾತ್ರ ಚೀಟಿಯಲ್ಲಿ ಉತ್ತರ ಇರಲಿಲ್ಲ. ಆ 12ರಲ್ಲಿ ಮೆಗ್ನೀಷಿಯಂ ಇಲ್ಲ. ಹಾಗಾಗಿ ಹವಳಕ್ಕೆ ಮಾಡಿದ್ದನ್ನೇ ಮಾಡಿದೆವು: ನೋಡಿದೆವು. ಎಲೆಯ ಅಂಚು ಕೆಳಗೆ ಮುದುಡಿ ಕೆಂಪಾಗಿ, ಹಿಂಬದಿಯಲ್ಲಿ ಜಿಗಿಹುಳು ಇದ್ದರೆ ಅದು ಹುಳುವಿನ ಕೆಲಸ. ಕೆಳಗಿನ ಹಳೆ ಎಲೆಗಳಿಂದ ಶುರುವಾಗಿ, ನರ ಹಸಿರಾಗಿಯೇ ಇದ್ದು ನಡುವಿನ ಭಾಗ ಕೆಂಪಾದರೆ ಮೆಗ್ನೀಷಿಯಂ ಕೊರತೆಯ ಅನುಮಾನ. ನೀರು ನಿಂತರೂ, ರಾತ್ರಿ ಚಳಿ ಒಮ್ಮೆಲೇ ಬಿದ್ದರೂ ಕೆಂಪಾಗುತ್ತದೆ. ನಮ್ಮದು ಕೆಳಗಿನಿಂದ, ನರ ಹಸಿರು.

ನಾಲ್ಕು ಸಾಲಿಗೆ ಮಾತ್ರ ಮೆಗ್ನೀಷಿಯಂ ಸಲ್ಫೇಟ್ ಹೊಡೆಯೋಣ ಅಂದೆ. ಲೀಟರಿಗೆ 10 ಗ್ರಾಂ. ಉಳಿದ ಹೊಲ ಹಾಗೇ ಬಿಡುವುದು. ಅಪ್ಪ ಆ ನಾಲ್ಕು ಸಾಲಿನ ತುದಿಗೆ ಅವ್ವನ ಹಳೆ ಕೆಂಪು ಸೀರೆಯ ಚೂರು ಕಟ್ಟಿದ. ಎರಡು ವಾರದ ಮೇಲೆ ಕೆಂಪಾಗಿದ್ದ ಎಲೆ ಕೆಂಪಾಗಿಯೇ ಇತ್ತು. ಆದರೆ ಆ ನಾಲ್ಕು ಸಾಲಿನಲ್ಲಿ ಕೆಂಪು ಮೇಲಕ್ಕೆ ಏರಿರಲಿಲ್ಲ, ಮಿಕ್ಕ ಸಾಲುಗಳಲ್ಲಿ ಏರಿತ್ತು. ಆಮೇಲೆ ಪೂರ್ತಿ ಹೊಲಕ್ಕೆ ಹೊಡೆದೆವು. ಆ ವರ್ಷ ಎಕರೆಗೆ ಐದೂವರೆ ಕ್ವಿಂಟಲ್ ಬಂತು. ಮಳೆಯೂ ಚಲೋ ಆಗಿತ್ತು, ಎಲ್ಲ ಸಿಂಪಡಣೆಯಿಂದಲೇ ಅಂತ ನಾನು ಹೇಳುವುದಿಲ್ಲ. ಅಪ್ಪನೂ ಹೇಳುವುದಿಲ್ಲ.

ಆದ್ದರಿಂದ ಫೋಟೊ ಕಳಿಸಿದವರೇ, ಇವತ್ತು ರಾತ್ರಿ ಏನನ್ನೂ ಹಾಕಬೇಡಿ. ಒಳಗೆ ಹೋಗುವ ನೀರಿಗೆ ಟಿಡಿಎಸ್ ಮೀಟರ್ ಇಡಿ, ಆಗಸ್ಟಿನ ಫೋಟೊ ಇದ್ದರೆ ಹುಡುಕಿ, ಬಿಳಿ ಜಾಗಕ್ಕೆ ಟಾರ್ಚ್ ಹಿಡಿದು ಮಾಂಸ ಇದೆಯಾ ನೋಡಿ. ಆಮೇಲೆ ನನಗೆ ಬರೆಯಿರಿ. ಊರಲ್ಲಿ ಹೊಲ ಇರುವ ಉಳಿದವರೇ, ಮುಂದಿನ ಸಲ ಮನೆಗೆ ಫೋನ್ ಮಾಡಿದಾಗ ಮಣ್ಣಿನ ಚೀಟಿ ಇದೆಯಾ ಅಂತ ಒಂದು ಮಾತು ಕೇಳಿ.

ಆಸ್ಟಿನ್‌ನಿಂದ ತಂದ ಕಿಟ್ಟಿನ ಖಾಲಿ ಡಬ್ಬಿ ಈಗ ನಮ್ಮ ಪಡಸಾಲೆಯ ಮಾಡದಲ್ಲಿದೆ. ಅದರಲ್ಲಿ ಮಣ್ಣಿನ ಚೀಟಿ, ಒಂದು ಪೆನ್ನು, ಒಂದು ನೂರು ಪೇಜಿನ ನೋಟ್‌ಬುಕ್ ಇವೆ. ನೋಟ್‌ಬುಕ್ ಅಪ್ಪನದು. ಯಾವ ದಿನ, ಯಾವ ಸಾಲಿಗೆ, ಏನು, ಎಷ್ಟು. ಹೋದ ವಾರ ಅಂಗಡಿಯವನು ಹೊಸದೊಂದು ಬಾಟ್ಲಿ ಕೈಗೆ ಕೊಡಲು ಬಂದಾಗ ಅಪ್ಪ, 'ನಾಕ ಸಾಲಿಗಷ್ಟ ಕೊಡು, ನೋಡೋಣು' ಅಂದನಂತೆ.